ಪ್ರಾಚೀನರ ಸರ್ಪವಿಭಾಗವೂ ಕನ್ನಡದ ಹಾವಿನ ಹೆಸರುಗಳೂ

ಆಯುರ್ವೇದದ ಎಂಟು ಅಂಗಗಳಲ್ಲಿ ಅಗದತಂತ್ರವು ವಿಷಚಿಕಿತ್ಸೆಗೆ ಮೀಸಲಾದುದು. ಅದರಲ್ಲಿ ಬರುವ ಸರ್ಪವಿಭಾಗದ ವಿಷಯದಲ್ಲಿ ಎರಡು ಪಕ್ಷಗಳುಂಟು. ಈಗಿನ ಪ್ರಾಣಿಶಾಸ್ತ್ರವೆಲ್ಲವೂ ಅಲ್ಲಿಯೇ ಅಡಗಿದೆಯೆಂಬುದು ಒಂದು ಪಕ್ಷ. ಅದು ದೋಷತ್ರಯದ ಲೆಕ್ಕಕ್ಕೆ ಹೊಂದುವಂತೆ ಕಲ್ಪಿಸಿದ ಕಟ್ಟುಕಥೆಯೆಂಬುದು ಮತ್ತೊಂದು. ಗ್ರಂಥವನ್ನೂ ಪ್ರಾಣಿಯನ್ನೂ ಎದುರುಬದುರಾಗಿಟ್ಟು ನೋಡಿದಲ್ಲಿ ಇವೆರಡೂ ನಿಲ್ಲವು. ಪ್ರಾಚೀನರ ವಿಭಾಗವು ಬಹುಮಟ್ಟಿಗೆ ಪ್ರತ್ಯಕ್ಷಮೂಲವಾದುದು. ಅವರ ಚಿಕಿತ್ಸೆಯಾದರೋ ಹಾಗಲ್ಲ. ಈ ಭೇದವನ್ನು ಗುರುತಿಸದೆ ಹೋದರೆ ಗ್ರಂಥಕ್ಕೂ ಅನ್ಯಾಯ, ಹಾವು ಕಚ್ಚಿದವನಿಗೂ ಅಪಾಯ.

ಸುಶ್ರುತಸಂಹಿತೆಯ ಕಾಲವು ವಿವಾದಗ್ರಸ್ತವಾದುದು. ಆದರೆ ನೇಪಾಳದಲ್ಲಿ ಕ್ರಿ. ಶ. 878ರಲ್ಲಿ ಬರೆದ ತಾಳೆಯೋಲೆಯ ಪ್ರತಿಯೊಂದು ಉಳಿದಿರುವುದರಿಂದ ಗ್ರಂಥವು ಅದಕ್ಕೆ ಹಿಂದಿನದೆಂಬುದರಲ್ಲಿ ಸಂಶಯವಿಲ್ಲ. ಅದರ ಕಲ್ಪಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಭೂಮಿಯ ಮೇಲಿನ ಹಾವುಗಳನ್ನು 80 ಎಂದೆಣಿಸಿ ಐದು ವರ್ಗಗಳಾಗಿ ವಿಂಗಡಿಸಿದೆ: ದರ್ವೀಕರಗಳು 26, ಮಂಡಲಿಗಳು 22, ರಾಜಿಮಂತಗಳು 10, ನಿರ್ವಿಷಗಳು 12, ವೈಕರಂಜಗಳು 3, ಅವುಗಳಿಂದ ಹುಟ್ಟಿದವು 7. ದರ್ವಿ ಎಂದರೆ ಸೌಟು. ಸೌಟಿನಂತೆ ಹೆಡೆಯುಳ್ಳುದು ದರ್ವೀಕರ. ಮೈಮೇಲೆ ಬಳೆಬಳೆಯಾಗಿ ಮಚ್ಚೆಗಳುಳ್ಳುದು ಮಂಡಲಿ. ರೇಖೆಗಳುಳ್ಳುದು ರಾಜಿಮಂತ. ಬಣ್ಣದಿಂದಲ್ಲ, ಉದ್ದದಿಂದಲ್ಲ, ನೋಡಿದೊಡನೆ ಕಣ್ಣಿಗೆ ಬೀಳುವ ಒಂದೊಂದು ಚಿಹ್ನೆಯಿಂದಲೇ ವರ್ಗವನ್ನು ನಿರ್ಣಯಿಸಿರುವುದು ಗಮನಾರ್ಹವಾದುದು. ಚರಕಸಂಹಿತೆಯ ವಿಷಚಿಕಿತ್ಸಾಧ್ಯಾಯದಲ್ಲಿಯೂ ವಿಷದ ಹಾವುಗಳಿಗೆ ಈ ಮೂರೇ ವರ್ಗಗಳು.

ಚಿಹ್ನೆಯನ್ನು ಹೇಳಿ ಗ್ರಂಥವು ಅಷ್ಟಕ್ಕೇ ನಿಲ್ಲುವುದಿಲ್ಲ. ದರ್ವೀಕರಗಳು ಶೀಘ್ರಗಾಮಿಗಳು, ಹಗಲಿನಲ್ಲಿ ಸಂಚರಿಸುವುವು. ಮಂಡಲಿಗಳು ದಪ್ಪವಾಗಿ ಮಂದಗತಿಯುಳ್ಳವು, ರಾತ್ರಿಯ ಮೊದಲ ಯಾಮಗಳಲ್ಲಿ ಹೊರಡುವುವು. ರಾಜಿಮಂತಗಳು ರಾತ್ರಿಯ ಕಡೆಯ ಯಾಮದವು. ಕಚ್ಚಿದ ಮೇಲೆ ತೋರುವ ಲಕ್ಷಣಗಳೂ ಬೇರೆಬೇರೆ. ದರ್ವೀಕರದ ವಿಷದಿಂದ ತಲೆ ಭಾರವಾಗುವುದು. ಸೊಂಟ, ಬೆನ್ನು, ಕತ್ತುಗಳು ಬಲಗುಂದುವುವು. ದನಿ ಕುಗ್ಗುವುದು. ಮಂಡಲಿಯ ವಿಷದಿಂದ ಉರಿ, ಬಾಯಾರಿಕೆ, ಬಾವು, ಕಚ್ಚಿದೆಡೆಯ ಕೊಳೆತ, ಮೇಲಣ ಮತ್ತು ಕೆಳಗಣ ದ್ವಾರಗಳಿಂದ ರಕ್ತಸ್ರಾವ. ರಾಜಿಮಂತದ ವಿಷದಿಂದ ಛಳಿಜ್ವರ, ರೋಮಾಂಚ, ಗಂಟಲಿನಲ್ಲಿ ಗುರುಗುರು ಶಬ್ದ, ಕಡೆಗೆ ಶ್ವಾಸಾವರೋಧ. ಇವುಗಳನ್ನು ಕ್ರಮವಾಗಿ ವಾತ, ಪಿತ್ತ, ಕಫಗಳಿಗೆ ಹೊಂದಿಸಿದೆ.

ಈಗ ಪ್ರಾಣಿಗಳ ಕಡೆಗೆ ತಿರುಗಬಹುದು. ಭಾರತದಲ್ಲಿ 300ಕ್ಕೂ ಮೇಲ್ಪಟ್ಟ ಜಾತಿಯ ಹಾವುಗಳಿದ್ದರೂ ಮನುಷ್ಯಪ್ರಾಣವನ್ನು ಹೆಚ್ಚಾಗಿ ತೆಗೆಯುವುವು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ. ಮೊದಲೆರಡರ ವಿಷವು ಮುಖ್ಯವಾಗಿ ನರಗಳ ಮೇಲೆ ವರ್ತಿಸಿ ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸಿ ಉಸಿರನ್ನು ನಿಲ್ಲಿಸುತ್ತದೆ. ಕಡೆಯೆರಡರ ವಿಷವು ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸಿ ರಕ್ತಸ್ರಾವವನ್ನುಂಟುಮಾಡುತ್ತದೆ. ಹೆಡೆಯುಳ್ಳುದು, ರೇಖೆಯುಳ್ಳುದು, ಮಂಡಲವುಳ್ಳುದು ಎಂಬ ಹೊರಚಿಹ್ನೆಗಳಿಂದ ಮಾಡಿದ ವಿಭಾಗವು ಒಳಗಿನ ವಿಷದ ವಿಭಾಗಕ್ಕೆ ಇಷ್ಟರಮಟ್ಟಿಗೆ ಹೊಂದಿಕೊಂಡಿರುವುದು ಆಕಸ್ಮಿಕವೆನ್ನಲಾಗದು. ಕಟ್ಟುಹಾವು ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ನೆಲದ ಮೇಲೆ ಮಲಗಿದವರನ್ನು ಕಚ್ಚುವುದೆಂಬುದು ಇಂದಿನ ವೈದ್ಯರೂ ಕಂಡುಕೊಂಡ ಸಂಗತಿ. ನಿರ್ವಿಷವರ್ಗದಲ್ಲಿ ಅಜಗರವನ್ನೂ ಕುರುಡುಹಾವೆಂದು ಅರ್ಥವಾಗುವ ಅಂಧಾಹಿಕವನ್ನೂ ಸೇರಿಸಿರುವುದು ಕೂಡ ಸರಿಯಾಗಿಯೇ ಇದೆ.

ಹೊಂದದಿರುವ ಅಂಶಗಳನ್ನು ಮರೆಮಾಡುವುದು ವಿಮರ್ಶೆಯ ಧರ್ಮವಲ್ಲ. ರಾಜಿಮಂತದ ಕಡಿತದಲ್ಲಿ ಬಾವನ್ನು ಹೇಳಿದೆ. ಕಟ್ಟುಹಾವಿನ ಕಡಿತದಲ್ಲಿಯಾದರೋ ನೋವೂ ಬಾವೂ ಇಲ್ಲವೆನ್ನುವಷ್ಟು ಅಲ್ಪ, ಅದರಿಂದಲೇ ಅದು ಹೆಚ್ಚು ವಂಚಕವಾದುದು. ಈಗಿನ ಶಾಸ್ತ್ರವು ನಾಗರಹಾವನ್ನೂ ಕಟ್ಟುಹಾವನ್ನೂ ಒಂದೇ ಕುಟುಂಬಕ್ಕೆ ಸೇರಿಸುತ್ತದೆ, ಪ್ರಾಚೀನರು ಬೇರ್ಪಡಿಸಿದರು. ವೈಕರಂಜವೆಂಬ ಮಿಶ್ರವರ್ಗವಂತೂ ನಿಲ್ಲುವುದಿಲ್ಲ. ದೂರದ ಕುಟುಂಬಗಳ ಹಾವುಗಳು ಕೂಡಿ ಸಂತಾನವನ್ನು ಪಡೆಯವು. ಕೇರೆಯು ನಾಗರದ ಗಂಡೆಂಬ ಹಳ್ಳಿಯವರ ನಂಬಿಕೆಯೂ ಇದೇ ಬಗೆಯದು.

ಈ ವಿಭಾಗವು ಸಂಸ್ಕೃತಪಾಠಶಾಲೆಗಳ ಒಳಗೇ ಉಳಿಯಲಿಲ್ಲವೆಂಬುದಕ್ಕೆ ಕನ್ನಡವೇ ಸಾಕ್ಷಿ. ಸುಮಾರು 1360ರಲ್ಲಿ ಇದ್ದ ಜೈನಕವಿ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ಗ್ರಂಥವನ್ನು 16 ಅಧಿಕಾರಗಳಲ್ಲಿ ರಚಿಸಿ, ಸ್ಥಾವರ ಜಂಗಮ ವಿಷಗಳೆರಡನ್ನೂ ಕನ್ನಡ ಪದ್ಯಗಳಲ್ಲಿ ನಿರೂಪಿಸಿದನು. ಗರುಡಮಣಿಯ ಕನ್ನಡಿಯೆಂಬ ಹೆಸರೇ ಗ್ರಂಥದ ಉದ್ದೇಶವನ್ನು ಸಾರುತ್ತದೆ. ಸಂಸ್ಕೃತವನ್ನರಿಯದ ವೈದ್ಯನಿಗೂ ಶಾಸ್ತ್ರವು ದೊರೆಯುವಂತೆ ಮಾಡಿದ ಕೃತಿಗಳಲ್ಲಿ ಇದು ಅಗ್ರಗಣ್ಯವಾದುದು. ಇದಕ್ಕಿಂತಲೂ ವ್ಯಾಪಕವಾದ ಸಾಕ್ಷ್ಯವು ಒಕ್ಕಲಿಗರ ಬಾಯಲ್ಲಿದೆ. ಕೊಳಕುಮಂಡಲ, ಉರಿಮಂಡಲ ಎಂಬ ಹೆಸರುಗಳಲ್ಲಿ ಉತ್ತರಪದವು ಸುಶ್ರುತನ ವರ್ಗನಾಮವೇ. ಪೂರ್ವಪದಗಳು ಮಂಡಲಿವಿಷದ ಲಕ್ಷಣಗಳಾದ ಕೊಳೆತವನ್ನೂ ಉರಿಯನ್ನೂ ನೆನಪಿಗೆ ತರುವುವು. ಕಟ್ಟುಹಾವಿನ ‘ಕಟ್ಟು’ ಸಂಸ್ಕೃತದ ‘ರಾಜಿ’ಗೆ ಸಮೀಪವಾದ ಅರ್ಥವುಳ್ಳುದು. ಶಾಸ್ತ್ರದಿಂದ ಜನಕ್ಕೆ ಇಳಿಯಿತೋ ಜನರಿಂದ ಶಾಸ್ತ್ರಕ್ಕೆ ಏರಿತೋ, ಎರಡು ಕಡೆಗಳಲ್ಲಿಯೂ ನೋಡಿದ ಕಣ್ಣು ಒಂದೇ ಬಗೆಯದು.

ಪಾಶ್ಚಾತ್ಯರ ಶಾಸ್ತ್ರವೂ ಈ ದೇಶದ ಬಾಯಿಮಾತಿಗೆ ಋಣಿಯಾಗಿದೆ. ಲಿನೇಯಸನು 1758ರಲ್ಲಿ ನಾಗರಹಾವಿಗೆ ‘ನಾಜ’ ಎಂಬ ಹೆಸರನ್ನಿಟ್ಟನು. ಅದಕ್ಕೆ ಮೂಲ ನಾಗಶಬ್ದವೆಂದು ತಿಳಿದವರ ಮತ. ಈಸ್ಟ್ ಇಂಡಿಯಾ ಕಂಪೆನಿಯ ಸೇವೆಯಲ್ಲಿದ್ದ ವೈದ್ಯ ಪ್ಯಾಟ್ರಿಕ್ ರಸೆಲನು ಕೋರಮಂಡಲ ತೀರದ ಹಾವುಗಳನ್ನು ಸಂಗ್ರಹಿಸಿ, ಅವುಗಳ ದೇಶೀಯ ನಾಮಗಳೊಡನೆ ಚಿತ್ರಸಮೇತವಾಗಿ 1796ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಅವನು ತೆಲುಗರಿಂದ ಕೇಳಿ ಬರೆದ ‘ಬಂಗಾರುಪಾಮು’ ಎಂಬ ಮಾತೇ 1803ರಲ್ಲಿ ದೊದೆನ್ ಎಂಬ ಫ್ರೆಂಚ್ ಪಂಡಿತನ ಕೈಯಲ್ಲಿ ಕಟ್ಟುಹಾವುಗಳ ಕುಲನಾಮವಾದ ‘ಬುಂಗಾರುಸ್’ ಆಯಿತು. ಇದೇ ಪರಂಪರೆಯ ಹೊಸ ನಿದರ್ಶನವು ಕನ್ನಡಕ್ಕೆ ಸೇರಿದುದು. ಒಂದೇ ಜಾತಿಯೆಂದು 1836ರಿಂದ ಎಣಿಸಿದ್ದ ಕಾಳಿಂಗ ಸರ್ಪವನ್ನು ವಂಶಪರೀಕ್ಷೆಯಿಂದಲೂ ಮೈಪಟ್ಟೆಗಳ ಎಣಿಕೆಯಿಂದಲೂ ಶೋಧಿಸಿದ ವಿದ್ವಾಂಸರು 2024ರಲ್ಲಿ ಅದನ್ನು ನಾಲ್ಕು ಜಾತಿಗಳೆಂದು ನಿರ್ಣಯಿಸಿ, ಪಶ್ಚಿಮ ಘಟ್ಟಗಳ ಜಾತಿಗೆ ‘ಕಾಳಿಂಗ’ ಎಂಬ ಕನ್ನಡದ ಹೆಸರನ್ನೇ ಇಟ್ಟರು. ಪ್ರಾಚೀನರ ‘ರಾಜಿ’ಯಂತೆ ಇಲ್ಲಿಯೂ ಪಟ್ಟೆಯೇ ಒಂದು ಪ್ರಮಾಣವಾದುದು ಸ್ವಾರಸ್ಯವಾಗಿದೆ.

ಇನ್ನು ಚಿಕಿತ್ಸೆಯ ವಿಚಾರ. ಮಂಡಲಿಯು ಕಚ್ಚಿದಲ್ಲಿ ಸುಡಲಾಗದೆಂದು ಸುಶ್ರುತನು ನಿಷೇಧಿಸಿರುವನು. ವರ್ಗಕ್ಕೆ ತಕ್ಕಂತೆ ಚಿಕಿತ್ಸೆಯೂ ಬೇರೆಯಾಗಬೇಕೆಂಬುದು ಇದರ ತಾತ್ಪರ್ಯ. ಈ ತತ್ತ್ವವನ್ನು ಯೂರೋಪಿನವರು ಪ್ರಯೋಗದಿಂದ ಮತ್ತೆ ಕಂಡುಕೊಳ್ಳಬೇಕಾಯಿತು. ಕಾಲ್ಮೆಟ್ ಎಂಬವನು 1895ರಲ್ಲಿ ನಾಗರವಿಷಕ್ಕೆ ಪ್ರತಿವಿಷವನ್ನು ಸಿದ್ಧಪಡಿಸಿ, ಅದು ಇತರ ಹಾವುಗಳ ವಿಷಕ್ಕೂ ಸಲ್ಲುವುದೆಂದು ನಂಬಿದ್ದನು. ಭಾರತದಲ್ಲಿ ಕೆಲಸಮಾಡಿದ ಜಾರ್ಜ್ ಲ್ಯಾಂಬನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ, ನಾಗರದ ಪ್ರತಿವಿಷವು ಕೊಳಕುಮಂಡಲದ ವಿಷವನ್ನು ತಡೆಯಲಾರದೆಂದು ತೋರಿಸಿದನು. ಮೇಲೆ ಹೇಳಿದ ನಾಲ್ಕು ಹಾವುಗಳ ವಿಷಕ್ಕೂ ಒಟ್ಟಿಗೆ ಸಲ್ಲುವ ಪ್ರತಿವಿಷವು ಭಾರತದಲ್ಲಿ ತಯಾರಾಗುವುದು ಈ ಕಾರಣದಿಂದಲೇ.

ಆದರೆ ಸಂಹಿತೆಯಲ್ಲಿ ವಿಧಿಸಿರುವ ಬಿಗಿಯಾದ ಕಟ್ಟು, ಗಾಯವನ್ನು ಕೊಯ್ಯುವುದು, ಹೀರುವುದು, ಸುಡುವುದು, ಇವೆಲ್ಲವೂ ಇಂದು ತ್ಯಾಜ್ಯವಾದುವು. ಕಟ್ಟಿನಿಂದ ಅಂಗವು ನಾಶವಾಗಬಹುದು. ರಕ್ತವು ಹೆಪ್ಪುಗಟ್ಟದವನನ್ನು ಕೊಯ್ದರೆ ಸ್ರಾವವು ನಿಲ್ಲದು. ಮಂತ್ರಕ್ಕಾಗಿ ಕಾದು ಕಳೆದ ಹೊತ್ತು ಮರಳಿ ಬಾರದು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಎಂದರೆ ವರ್ಷಕ್ಕೆ ಸರಾಸರಿ 58,000 ಮಂದಿ, ಎಂದು 2020ರಲ್ಲಿ ಪ್ರಕಟವಾದ ಗಣನೆ ತಿಳಿಸುತ್ತದೆ. ಇಂತಹ ಸ್ಥಿತಿಯಲ್ಲಿ ಶಾಸ್ತ್ರಾಭಿಮಾನದಿಂದ ಹಳೆಯ ಚಿಕಿತ್ಸೆಯನ್ನು ಸಮರ್ಥಿಸುವುದು ಪಾಂಡಿತ್ಯವಲ್ಲ.

ಸುಶ್ರುತಾದಿಗಳು ಪ್ರತ್ಯಕ್ಷವನ್ನು ಪ್ರಮಾಣವಾಗಿ ಹಿಡಿದುದರಿಂದಲೇ ಅವರ ವಿಭಾಗವು ಇಂದಿಗೂ ನಿಂತಿದೆ. ಅದೇ ಪ್ರಮಾಣವು ಅವರ ಚಿಕಿತ್ಸೆಯನ್ನು ಒಪ್ಪದಿರುವಾಗ ಪ್ರತ್ಯಕ್ಷದ ಪಕ್ಷವನ್ನು ಹಿಡಿಯುವುದೇ ಅವರ ಮಾರ್ಗವನ್ನು ಅನುಸರಿಸಿದಂತೆ. ಕನ್ನಡನಾಡಿನ ಮೂಲೆಮೂಲೆಗಳಲ್ಲಿ ಹಾವುಗಳಿಗಿರುವ ಹೆಸರುಗಳನ್ನು ಲಕ್ಷಣಸಮೇತವಾಗಿ ಸಂಗ್ರಹಿಸಿ ಪ್ರಾಚೀನ ಗ್ರಂಥಗಳೊಡನೆ ಹೋಲಿಸಿದರೆ ಕೋಶಕಾರರಿಗೂ ಪ್ರಾಣಿಶಾಸ್ತ್ರಜ್ಞರಿಗೂ ಸಮಾನವಾಗಿ ಉಪಕಾರವಾಗುವುದು. ಆ ಹೆಸರುಗಳನ್ನು ಬಲ್ಲ ಹಿರಿಯರು ದಿನೇದಿನೇ ಕಡಿಮೆಯಾಗುತ್ತಿರುವುದರಿಂದ ಈ ಕಾರ್ಯವು ವಿಳಂಬವನ್ನು ಸಹಿಸದು.