ಅದತ್ತಾದಾನವೂ ಆಯುಧವೂ: ಶ್ರೀರಂಗಪಟ್ಟಣದ ಒಂದು ಕೋವಿಯ ಪ್ರಸಂಗ

ಕ್ರಿ.ಶ. 1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆಯು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ವಶವಾಯಿತು. ಟೀಪುಸುಲ್ತಾನನ ಮೃತದೇಹವು ಹೆಣಗಳ ರಾಶಿಯ ನಡುವೆ ಪತ್ತೆಯಾಗುವ ಹೊತ್ತಿಗೆ ಕತ್ತಲಾಗಿತ್ತು. ಆ ರಾತ್ರಿ ಊರಿನಲ್ಲಿ ಲೂಟಿಯಾಗದ ಮನೆ ಉಳಿದದ್ದು ವಿರಳ. ಮರುದಿನ ಕೋಟೆಯ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯು ನಾಲ್ವರು ಸೈನಿಕರನ್ನು ಗಲ್ಲಿಗೇರಿಸಿ, ಹಲವರಿಗೆ ಚಾವಟಿಯ ಏಟು ಹಾಕಿಸಿ, ಕೊಳ್ಳೆಯನ್ನು ಹತೋಟಿಗೆ ತಂದನೆಂದು ಅವನ ಪತ್ರಗಳಿಂದಲೇ ತಿಳಿಯುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಇದನ್ನು ನ್ಯಾಯವೆನ್ನಬಹುದಾಗಿತ್ತು. ಆದರೆ ಅದರ ಬೆನ್ನಿಗೇ ಅರಮನೆಯ ಭಂಡಾರವನ್ನು ಎಣಿಸಿ ಹಂಚುವ ಕೆಲಸ ಆರಂಭವಾಯಿತು. ಅದಕ್ಕೆಂದೇ ನೇಮಕಗೊಂಡ ಅಧಿಕಾರಿಗಳು ಆಭರಣ, ಬಟ್ಟೆ, ಆಯುಧಗಳಿಗೆ ಬೆಲೆ ಕಟ್ಟಿ, ಪದವಿಗೆ ತಕ್ಕಂತೆ ಪಾಲು ಮಾಡಿದರು. ಚಿನ್ನದ ತಗಡು ಹೊದಿಸಿದ ಸಿಂಹಾಸನವನ್ನು ಪಾಲಿನ ಅನುಕೂಲಕ್ಕಾಗಿ ಒಡೆದು ಹಾಕಲಾಯಿತು. ಅದರ ಹುಲಿಮುಖ ಇಂದಿಗೂ ವಿಂಡ್ಸರ್ ಅರಮನೆಯಲ್ಲಿದೆ. ದಂಡನಾಯಕ ಹ್ಯಾರಿಸ್‌ಗೆ ದೊರೆತ ಪಾಲು 1,40,000 ಪೌಂಡುಗಳಿಗೂ ಹೆಚ್ಚು. ರಾತ್ರಿ ಒಬ್ಬ ಸಿಪಾಯಿ ಎತ್ತಿಕೊಂಡ ಬಳೆಗೆ ನೇಣು, ಹಗಲಿನಲ್ಲಿ ಲೆಕ್ಕ ಬರೆದು ಎತ್ತಿಕೊಂಡ ಭಂಡಾರಕ್ಕೆ ಬಿರುದು! ವ್ಯತ್ಯಾಸವಿದ್ದದ್ದು ಲೆಕ್ಕದ ಪುಸ್ತಕದಲ್ಲಿ ಮಾತ್ರ.

ಆ ಹಂಚಿಕೆಯ ಸುತ್ತಮುತ್ತ ಸಮುದ್ರ ದಾಟಿದ ವಸ್ತುಗಳಲ್ಲಿ ಒಂದು ಚಕಮಕಿ ಕೋವಿಯೂ ಇತ್ತು. ಕಂಪನಿಯ ಅಧಿಕಾರಿ ಮೇಜರ್ ಥಾಮಸ್ ಹಾರ್ಟ್‌ನೊಡನೆ ಇಂಗ್ಲೆಂಡಿಗೆ ಹೋದ ಈ ಬೆಳ್ಳಿಯ ಅಲಂಕಾರದ ಕೋವಿ, ಅದರ ಮೊನೆಗೆ ಸಿಕ್ಕಿಸುವ ಸಂಗೀನು, ಕೆಲವು ಖಡ್ಗಗಳು ಮತ್ತು ಒಂದು ಅಡಕೆಯ ಕರಡಿಗೆ ಬರ್ಕ್‌ಷೈರಿನ ಒಂದು ಮನೆಯಲ್ಲಿ ತಲೆಮಾರುಗಳ ಕಾಲ ಉಳಿದುಬಂದವು. ಕೋವಿಯ ಮೇಲೆ ಯುದ್ಧದಲ್ಲಿ ಪೆಟ್ಟು ಬಿದ್ದ ಗುರುತು ಇನ್ನೂ ಉಳಿದಿತ್ತು. 2019ರ ಮಾರ್ಚ್ 26ರಂದು ಇವೆಲ್ಲ ಹರಾಜಿಗೆ ಬಂದಾಗ, ವಸ್ತುಗಳನ್ನು ಸ್ವಇಚ್ಛೆಯಿಂದ ಹಿಂದಿರುಗಿಸುವಂತೆ ಭಾರತದ ಕಡೆಯಿಂದ ವಿನಂತಿ ಹೋಯಿತು. ಹರಾಜು ನಿಲ್ಲಲಿಲ್ಲ. ಕೋವಿ 60,000 ಪೌಂಡಿಗೆ ಮಾರಾಟವಾಯಿತು.

ಶ್ರಾವಕರ ಅಣುವ್ರತಗಳನ್ನು ಬಲ್ಲವರಿಗೆ ಈ ಪ್ರಸಂಗದಲ್ಲಿ ಹೊಸತೇನೂ ಕಾಣದು. ಪ್ರಮಾದದಿಂದ, ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ಉಮಾಸ್ವಾಮಿ ಆಚಾರ್ಯರ ಅಭಿಪ್ರಾಯ. ತೆಗೆದುಕೊಂಡವನು ಬಡವನೋ ಸೇನಾಪತಿಯೋ, ಕತ್ತಲೆಯೋ ಬೆಳಕೋ ಎಂಬ ವಿಚಾರಣೆ ಅಲ್ಲಿಲ್ಲ. ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಅವರು ಸ್ತೇನಪ್ರಯೋಗದ ಜೊತೆಗೆ ತದಾಹೃತಾದಾನವನ್ನೂ ಹೆಸರಿಸುತ್ತಾರೆ. ಮೊದಲನೆಯದು ಕಳ್ಳನನ್ನು ಪ್ರೇರಿಸುವುದು. ಎರಡನೆಯದು ಅವನು ತಂದುದನ್ನು ಸ್ವೀಕರಿಸುವುದು. ಇಂದಿನ ಪ್ರಾಚೀನ ವಸ್ತುಗಳ ಮಾರುಕಟ್ಟೆ ನಿಂತಿರುವುದೇ ಈ ಎರಡನೆಯ ಅತಿಚಾರದ ಮೇಲೆ. ಮೊದಲ ಅಪಹಾರಕನು ಸತ್ತು ಇನ್ನೂರು ವರ್ಷ ಕಳೆದರೂ ಸ್ವೀಕರಿಸುವವರ ಸಾಲು ಮುಗಿಯುವುದಿಲ್ಲ. ಹಾರ್ಟ್‌ನ ವಂಶಜರು ಕದ್ದವರಲ್ಲ, ನಿಜ. ಆದರೆ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದನ್ನು ತನ್ನದೆಂದು ಮಾರುವ ಮುನ್ನ, ಅದು ಪೆಟ್ಟಿಗೆಗೆ ಬಂದದ್ದು ಹೇಗೆಂದು ಕೇಳಿಕೊಳ್ಳುವುದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಅಮೆರಿಕದ ಒಂದು ಪ್ರಕರಣವನ್ನು ಇದರೊಡನೆ ಇಟ್ಟು ನೋಡಬಹುದು. 1933ರ ಅಕ್ಟೋಬರಿನಲ್ಲಿ ಜಾನ್ ಡಿಲ್ಲಿಂಜರನ ದರೋಡೆಕೋರ ತಂಡವು ಇಂಡಿಯಾನಾ ರಾಜ್ಯದ ಆಬರ್ನ್ ಮತ್ತು ಪೆರು ಎಂಬ ಎರಡು ಪಟ್ಟಣಗಳ ಪೊಲೀಸ್ ಠಾಣೆಗಳಿಗೇ ನುಗ್ಗಿ, ಥಾಮ್ಸನ್ ಮೆಷಿನ್ ಗನ್ನುಗಳನ್ನೂ ಗುಂಡುನಿರೋಧಕ ಕವಚಗಳನ್ನೂ ಹೊತ್ತೊಯ್ಯಿತು. ಊರಿನ ರಕ್ಷಣೆಗೆ ಇಟ್ಟ ಆಯುಧಗಳು ಬ್ಯಾಂಕು ದೋಚುವವರ ಕೈ ಸೇರಿದವು. 1934ರ ಜನವರಿಯಲ್ಲಿ ತಂಡವು ಅರಿಜೋನಾದ ಟಕ್ಸನ್ ನಗರದಲ್ಲಿ ಸಿಕ್ಕಿಬಿದ್ದಾಗ ಅವರ ಬಳಿಯಿದ್ದ ಆಯುಧಗಳೂ ವಶವಾದವು. ಅಂಥ ಗನ್ನು ಠಾಣೆಗೆ ಮರಳಬೇಕೆಂದರೆ ಯಾರೂ ವಾದ ಹೂಡುವುದಿಲ್ಲ; ಕದ್ದವನ ಹೆಸರು ಅಪರಾಧಿಗಳ ಪಟ್ಟಿಯಲ್ಲಿದೆ. ಶ್ರೀರಂಗಪಟ್ಟಣದ ಕೋವಿಯ ಮಟ್ಟಿಗೆ ವಾದ ಹುಟ್ಟುವುದು ಕೊಂಡೊಯ್ದವನ ಹೆಸರು ಸೈನ್ಯದ ಗೌರವ ಪಟ್ಟಿಯಲ್ಲಿ ಇರುವುದರಿಂದ.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಆಯುಧವೆಂದರೆ ಹಿಂಸೆಯ ಉಪಕರಣ. ಸಮಂತಭದ್ರಾಚಾರ್ಯರು ಐದು ಅನರ್ಥದಂಡಗಳನ್ನು ಎಣಿಸುವಾಗ ಕತ್ತಿ, ಗುದ್ದಲಿ, ಬೆಂಕಿ, ಸಂಕೋಲೆ ಮೊದಲಾದ ಸಾಧನಗಳನ್ನು ಇತರರಿಗೆ ಕೊಡುವ ಹಿಂಸಾದಾನವನ್ನೂ ಸೇರಿಸಿದ್ದಾರೆ. ಹೀಗಿರುವಾಗ ಕೋವಿಯೊಂದು ಮರಳಿ ಬರಬೇಕೆಂದು ಅಹಿಂಸಾವ್ರತಿಗಳು ಏಕೆ ಚಿಂತಿಸಬೇಕು? ಹೋದದ್ದೇ ಒಳಿತಾಯಿತೆಂದು ಸುಮ್ಮನಿರಬಾರದೇಕೆ?

ಈ ಆಕ್ಷೇಪಣೆಯನ್ನು ಲಘುವಾಗಿ ತಳ್ಳಿಹಾಕಲಾಗದು. ಆದರೂ ಎರಡು ಸಂಗತಿಗಳು ಗಮನಾರ್ಹ. ಕರ್ನಾಟಕದ ಜೈನ ಇತಿಹಾಸಕ್ಕೆ ಆಯುಧ ಅಪರಿಚಿತವಲ್ಲ. ವಿಂಧ್ಯಗಿರಿಯಲ್ಲಿ ಗೊಮ್ಮಟನನ್ನು ಕಡೆಸಿದ ಚಾವುಂಡರಾಯನು ಗಂಗರ ಸೇನಾನಿ; ಅವನ ಬಿರುದುಗಳಲ್ಲಿ ಸಮರಪರಶುರಾಮ ಎಂಬುದೂ ಒಂದು. ಗೃಹಸ್ಥನಿಗೆ ವಿರೋಧೀ ಹಿಂಸೆಯು ಪೂರ್ತಿ ತಪ್ಪುವುದಿಲ್ಲವೆಂಬುದನ್ನು ಪರಂಪರೆ ಒಪ್ಪಿದೆ. ಸಂಕಲ್ಪೀ ಹಿಂಸೆಯನ್ನು ಮಾತ್ರ ಅದು ಎಂದೂ ಮನ್ನಿಸಲಿಲ್ಲ. ಎರಡನೆಯದು, ಅಚೌರ್ಯವ್ರತವು ವಸ್ತುವಿನ ಗುಣವನ್ನು ಕೇಳುವುದಿಲ್ಲ. ಪರರ ಮನೆಯ ಕತ್ತಿಯನ್ನು ಕದ್ದವನು ‘ಹಿಂಸೆಯನ್ನು ತಡೆದೆ’ ಎಂದು ಹೇಳಿ ಪಾರಾಗಲಾರ. ಇನ್ನು ಗಾಜಿನ ಪೆಟ್ಟಿಗೆಯಲ್ಲಿ ಮದ್ದುಗುಂಡಿಲ್ಲದೆ ಮಲಗಿದ ಕೋವಿಯು ಕೊಲ್ಲುವ ಸಾಧನವಾಗಿ ಉಳಿಯದೆ, ಕೊಂದ ಕಾಲದ ಸಾಕ್ಷಿಯಾಗುತ್ತದೆ. ಹಿಂಸೆಯನ್ನು ಕುರಿತು ಮಕ್ಕಳಿಗೆ ಹೇಳಬೇಕಾದರೆ ಸಾಕ್ಷಿಯೂ ಬೇಕು.

ಕೊಟ್ಟದ್ದು ಮತ್ತು ಕೊಡದ್ದು ಎಂಬ ಗೆರೆಯೂ ಎಲ್ಲೆಡೆ ಸ್ಪಷ್ಟವಾಗಿರುವುದಿಲ್ಲ. ಟೀಪುವಿಗಾಗಿ ಅಸದ್ ಖಾನ್ ಮುಹಮ್ಮದ್ ಎಂಬ ಕುಶಲಿಯು 1793-94ರಲ್ಲಿ ತಯಾರಿಸಿದ ಬೇಟೆಯ ಕೋವಿಯೊಂದು ಲಾರ್ಡ್ ಕಾರ್ನ್‌ವಾಲಿಸನಿಗೆ ಕೊಡುಗೆಯಾಗಿ ಸಂದಿರಬೇಕೆಂದು ಅಲ್ಲಿಯ ತಜ್ಞರ ಊಹೆ. 2023ರಲ್ಲಿ ಅದಕ್ಕೆ ಕಟ್ಟಿದ ಬೆಲೆ 20 ಲಕ್ಷ ಪೌಂಡು. ದೇಶ ಬಿಟ್ಟು ಹೋಗದಂತೆ ಬ್ರಿಟಿಷ್ ಸರ್ಕಾರವೇ ಅದರ ರಫ್ತಿಗೆ ತಾತ್ಕಾಲಿಕ ತಡೆ ಹಾಕಿತು. ಕೊಡುಗೆಯೇ ಇದ್ದೀತು. ಆದರೆ 1792ರ ಒಪ್ಪಂದದಂತೆ ಟೀಪುವಿನ ಇಬ್ಬರು ಮಕ್ಕಳು ಕಾರ್ನ್‌ವಾಲಿಸನ ಒತ್ತೆಯಾಳುಗಳಾಗಿ ಹೋದವರು, 1794ರವರೆಗೂ ಮರಳಲಿಲ್ಲ. ಮಕ್ಕಳನ್ನು ಹಿಡಿದಿಟ್ಟುಕೊಂಡವನಿಗೆ ತಂದೆ ನೀಡಿದ್ದು ಎಷ್ಟರಮಟ್ಟಿಗೆ ದಾನ ಎಂಬುದು ವಿಚಾರಾರ್ಹ.

ಮರಳಿಸುವುದು ಅಸಾಧ್ಯವೇನಲ್ಲ ಎನ್ನುವುದಕ್ಕೆ ಒಂದು ಖಡ್ಗವೇ ನಿದರ್ಶನ. ಸಿಂಧನೂರು, ಲಿಂಗಸೂಗೂರು, ಮಸ್ಕಿಗಳ ಸೀಮೆಯ ವಳಕಮದಿನ್ನಿಯಂಥ ಊರುಗಳು 1905ರಲ್ಲಿ ಹೈದರಾಬಾದ್ ನಿಜಾಮರ ರಾಜ್ಯಕ್ಕೆ ಸೇರಿದ್ದವು. ಅಲ್ಲಿಯ ರೈತರು ತೆತ್ತ ಕಂದಾಯವೂ ಆ ರಾಜ್ಯದ ವೈಭವಕ್ಕೆ ಸಂದಿತ್ತು. ಅದೇ ವರ್ಷ ನಿಜಾಮರ ಸಂಗ್ರಹದಲ್ಲಿದ್ದ ಅಲಂಕೃತ ತಲ್ವಾರೊಂದು ಕಾಣೆಯಾಯಿತು. ಕದ್ದವನು ಹೊರಗಿನವನಲ್ಲ, ನಿಜಾಮರ ಪ್ರಧಾನಮಂತ್ರಿಯೇ ಅದನ್ನು ತೆಗೆದು ಜನರಲ್ ಆರ್ಚಿಬಾಲ್ಡ್ ಹಂಟರನಿಗೆ ಮಾರಿದನೆಂದು ಗ್ಲಾಸ್ಗೋ ನಗರದ ವಸ್ತುಸಂಗ್ರಹಾಲಯದವರು ಶೋಧಿಸಿ ಪ್ರಕಟಿಸಿದರು. 1978ರಲ್ಲಿ ಆ ಖಡ್ಗವು ಅವರಿಗೆ ದಾನವಾಗಿ ಬಂದಿತ್ತು. ದಾನವಾಗಿ ಬಂದುದರ ಹಿಂದೆ ಚೌರ್ಯವಿತ್ತೆಂದು ತಾವೇ ಹೇಳಿಕೊಂಡು, 2022ರ ಆಗಸ್ಟ್ 19ರಂದು ಕೆಲ್ವಿನ್‌ಗ್ರೋವ್‌ನಲ್ಲಿ ನಡೆದ ಸಮಾರಂಭದಲ್ಲಿ ಒಟ್ಟು ಏಳು ವಸ್ತುಗಳ ಒಡೆತನವನ್ನು ಭಾರತಕ್ಕೆ ಒಪ್ಪಿಸಿದರು. ಉಳಿದ ಆರರಲ್ಲಿ ಹೆಚ್ಚಿನವು ದೇವಾಲಯಗಳಿಂದ ಕಿತ್ತೊಯ್ದ ಕಲ್ಲಿನ ಕೆತ್ತನೆಗಳು. ಯಾರೂ ಅವರ ಮೇಲೆ ಯುದ್ಧ ಹೂಡಿರಲಿಲ್ಲ. ತಮ್ಮ ದಾಖಲೆಗಳನ್ನು ತಾವೇ ಓದಿದರು, ಅಷ್ಟೇ.

ಬಸದಿಗಳ ಆಡಳಿತ ಮಂಡಳಿಗಳು ಈ ಕೊನೆಯ ಸಂಗತಿಯತ್ತ ಗಮನ ಹರಿಸಬೇಕು. ಭಾರತದಲ್ಲಿ ಪ್ರಾಚೀನ ವಸ್ತುಗಳ ಕಾಯಿದೆ ಬಂದದ್ದು 1972ರಲ್ಲಿ. ಕಳವಾದ ಸಾಂಸ್ಕೃತಿಕ ಸ್ವತ್ತಿನ ಬಗೆಗಿನ ಯುನೆಸ್ಕೋದ 1970ರ ಒಡಂಬಡಿಕೆಗೆ ಭಾರತ ಸೇರಿದ್ದು 1977ರಲ್ಲಿ. ಕಾನೂನು ಇದ್ದರೂ, ವಸ್ತು ತಮ್ಮದೆಂದು ತೋರಿಸುವ ಹೊಣೆ ಕಳೆದುಕೊಂಡವರದೇ. ಟೀಪುವಿನ ಕೋವಿಗಳಿಗೆ ಹುಲಿಯ ಚಿಹ್ನೆ, ತಯಾರಕನ ಹೆಸರು, ವರ್ಷ ಇವೆ. ಬಸದಿಗಳ ಎಷ್ಟೋ ಲೋಹಬಿಂಬಗಳ ಪೀಠದ ಮೇಲೂ ಮಾಡಿಸಿದವರ ಹೆಸರಿದೆ. ಆದರೆ ಅದನ್ನು ಓದಿ ಬರೆದಿಟ್ಟ ಪುಸ್ತಕ ಎಷ್ಟು ಬಸದಿಗಳಲ್ಲಿದೆ? ತಮಿಳುನಾಡಿನ ಶ್ರೀಪುರಂದಾನ್ ದೇವಾಲಯದಿಂದ ಕಳವಾಗಿ ಆಸ್ಟ್ರೇಲಿಯದ ರಾಷ್ಟ್ರೀಯ ಗ್ಯಾಲರಿ ಸೇರಿದ್ದ ನಟರಾಜನು 2014ರ ಸೆಪ್ಟೆಂಬರಿನಲ್ಲಿ ಮರಳಿ ಬಂದನು. ಆ ವಿಗ್ರಹವನ್ನು ಗುರುತಿಸಲು ನೆರವಾದದ್ದು, ಪುದುಚೇರಿಯ ಫ್ರೆಂಚ್ ಸಂಸ್ಥೆಯವರು 1994ರಲ್ಲಿ ಆ ಹಳ್ಳಿಗೆ ಹೋಗಿ ತೆಗೆದಿಟ್ಟಿದ್ದ ಕಪ್ಪು-ಬಿಳುಪಿನ ಛಾಯಾಚಿತ್ರಗಳು.