ಮಂಕಿ ಕ್ಯಾಪಿನ ಕಿಂಡಿ

ಮಂಕಿ ಕ್ಯಾಪ್ ಹೆಣೆಯುವಾಗ ಕಷ್ಟದ ಜಾಗ ಒಂದೇ, ಮುಖದ ಕಿಂಡಿ. ಕುತ್ತಿಗೆಯಿಂದ ಶುರು ಮಾಡಿ, ನಾಲ್ಕು ಕಡ್ಡಿಗಳ ಮೇಲೆ ಎರಡು ಸೀದಾ ಎರಡು ಉಲ್ಟಾ ಹಾಕುತ್ತ ಗದ್ದದವರೆಗೆ ಕಣ್ಣು ಮುಚ್ಚಿಕೊಂಡು ಬರಬಹುದು. ಅಲ್ಲಿ ಮುಂಭಾಗದ ಕುಣಿಕೆಗಳನ್ನು ಬೇರೆ ದಾರಕ್ಕೆ ಪೋಣಿಸಿ ಬದಿಗಿಡಬೇಕು. ಉಳಿದವುಗಳ ಮೇಲೆ ಹೋಗಿ ಬಂದು ಮಾಡುತ್ತ ಕಿವಿ ದಾಟಿಸಿ, ಹಣೆಯ ಮೇಲೆ ಮತ್ತೆ ಸುತ್ತು ಕೂಡಿಸಿ, ನೆತ್ತಿಗೆ ಬರುವಾಗ ಕುಣಿಕೆ ಇಳಿಸಿ ಮುಚ್ಚಬೇಕು. ಕೊನೆಗೆ ಕಿಂಡಿಯ ಸುತ್ತ ಅಂಚು ಕಟ್ಟಬೇಕು. ಕಿಂಡಿ ದೊಡ್ಡದಾದರೆ ಹಣೆಗೂ ಕೆನ್ನೆಗೂ ಗಾಳಿ ಹೊಡೆಯುತ್ತದೆ. ಚಿಕ್ಕದಾದರೆ ಉಸಿರು ಅಲ್ಲೇ ಸುತ್ತಿ ಮೂಗಿನ ಕೆಳಗಿನ ಉಲ್ಲನ್ ತೊಯ್ದು ತೊಪ್ಪೆಯಾಗುತ್ತದೆ. ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ, ಹೆಣಿಗೆ ಕಲಿಸಿ ನಿವೃತ್ತಳಾದವಳು ನಾನು. ಈಗ ಡಿಸೆಂಬರ್ ಬಂತೆಂದರೆ ಹಿಮಾಲಯ ಹತ್ತಲು ಹೊರಟ ಹುಡುಗರು ಮನೆಗೆ ಬರುತ್ತಾರೆ. ಎಲ್ಲರದೂ ಒಂದೇ ಬೇಡಿಕೆ: "ಅಜ್ಜಿ, ಇನ್ನೂ ದಪ್ಪ ಹಾಕ್ರಿ." ದಪ್ಪದಿಂದ ಬಗೆಹರಿಯುವ ಸಮಸ್ಯೆ ಇದಾಗಿದ್ದರೆ ನೂರೈವತ್ತು ವರ್ಷಗಳ ಹಿಂದೆಯೇ ಬಗೆಹರಿಯುತ್ತಿತ್ತು.

ನಮ್ಮ ಕಡೆ ತಲೆ, ಕುತ್ತಿಗೆ ಎರಡನ್ನೂ ಒಟ್ಟಿಗೆ ಮುಚ್ಚುವ ಉಪಾಯ ಮೊದಲಿನಿಂದಲೂ ಇತ್ತು. ಕೂಸನ್ನು ತೊಟ್ಟಿಲಿಗೆ ಹಾಕುವಾಗ ತವರಿನವರು ತರುವ ಕುಂಚಿಗೆಯನ್ನೇ ನೋಡಿ. ಗುಳೇದಗುಡ್ಡದ ಖಣದಲ್ಲಿ ಹೊಲಿದದ್ದು, ನೆತ್ತಿಯಿಂದ ಶುರುವಾಗಿ ಕಿವಿ, ಕುತ್ತಿಗೆ ಮುಚ್ಚಿ ಬೆನ್ನಿನ ಮೇಲೆ ಇಳಿಬೀಳುತ್ತದೆ, ಮುಖ ಮಾತ್ರ ಪೂರ್ತಿ ಬಿಟ್ಟಿರುತ್ತದೆ. ದೊಡ್ಡವರಿಗೆ ಕಂಬಳಿ ಕೊಪ್ಪೆ. ದಖ್ಖಣಿ ಕುರಿಯ ಒರಟು ಉಣ್ಣೆಯನ್ನು ನೂತು, ಗುಂಡಿಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿ ಹಚ್ಚಿ ಬಿರುಸು ಮಾಡಿದ ಕಂಬಳಿ ಅದು. ಒಂದು ತುದಿ ಮಡಚಿ ತಲೆಗೆ ಕೂರಿಸಿಕೊಂಡರೆ ಮಳೆಹನಿ ಮೇಲೇ ಜಾರಿ ಹೋಗುತ್ತದೆ, ಒಳಗೆ ಬೆಚ್ಚಗಿರುತ್ತದೆ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವವರಿಗೆ, ಕುರಿಯ ಹಿಂದೆ ನಡೆಯುವವರಿಗೆ ಅದು ಹೇಳಿ ಮಾಡಿಸಿದ್ದು. ಮುಂದೆ ತೆರೆದೇ ಇರುವುದರಿಂದ ಉಸಿರಿನ ಗೊಡವೆಯೇ ಇಲ್ಲ. ಇಲ್ಲಿ ಉಸಿರು ಹೆಪ್ಪುಗಟ್ಟುವ ಚಳಿಯೂ ಇಲ್ಲ ಅನ್ನಿ.

ಆ ಚಳಿ ಇದ್ದದ್ದು ಕ್ರಿಮಿಯಾದಲ್ಲಿ. 1854ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸೈನ್ಯ ಅಲ್ಲಿ ಇಳಿದಾಗ ಚಳಿಗಾಲದೊಳಗೆ ಸೆವಾಸ್ಟೊಪೋಲ್ ಕೈವಶವಾಗುತ್ತದೆ ಎಂಬ ಲೆಕ್ಕಾಚಾರವಿತ್ತು. ಆಗಲಿಲ್ಲ. ನವೆಂಬರ್ 14ರಂದು ಎದ್ದ ಬಿರುಗಾಳಿಗೆ ಬಾಲಾಕ್ಲಾವಾ ಬಂದರಿನ ಹೊರಗೆ ನಿಂತಿದ್ದ ಹಡಗುಗಳು ಬಂಡೆಗೆ ಅಪ್ಪಳಿಸಿ ಒಡೆದವು. ಅವುಗಳಲ್ಲಿ ಒಂದಾದ 'ಪ್ರಿನ್ಸ್' ಹಡಗಿನ ಹೊಟ್ಟೆಯಲ್ಲಿ ಸೈನಿಕರ ಚಳಿಗಾಲದ ಬಟ್ಟೆ ಇತ್ತು. ಆಮೇಲೆ ಬಂದ ಸಾಮಾನೂ ಬಂದರಿನಲ್ಲೇ ಕೊಳೆಯಿತು. ಬಂದರಿನಿಂದ ಗುಡ್ಡದ ಮೇಲಿನ ಬಿಡಾರಕ್ಕೆ ಇದ್ದದ್ದು ಕೆಲವೇ ಮೈಲಿಯ ದಾರಿ, ಅದೂ ಮೊಣಕಾಲುದ್ದ ಕೆಸರು. ಮೇಲೆ ಕಂದಕದಲ್ಲಿ ನಿಂತವರ ಕಿವಿ, ಬೆರಳು ಹಿಮಕ್ಕೆ ಕಪ್ಪಾಗುತ್ತಿದ್ದವು. 'ಟೈಮ್ಸ್' ಪತ್ರಿಕೆಯ ವಿಲಿಯಂ ಹೊವಾರ್ಡ್ ರಸೆಲ್ ಇದನ್ನೆಲ್ಲ ಬರೆದು ಕಳಿಸಿದ. ಓದಿದ ಮನೆಮನೆಯ ಹೆಂಗಸರು ಕಡ್ಡಿ ಹಿಡಿದರು. ಮಫ್ಲರ್, ಕೈಗವಸು, ತಲೆ ಮುಚ್ಚುವ ಟೋಪಿ ಗಂಟುಗಂಟಾಗಿ ಹಡಗು ಹತ್ತಿದವು. ಬಹುಪಾಲು ತಲುಪಿದ್ದು ಚಳಿಯ ಕಡುಹೊತ್ತು ಕಳೆದ ಮೇಲೆ.

ನಾವು ಮಂಕಿ ಕ್ಯಾಪ್ ಅನ್ನುವ ಆ ಟೋಪಿಗೆ ಬಾಲಾಕ್ಲಾವಾ ಎಂಬ ಹೆಸರು ಅಂಟಿದ್ದು ಯುದ್ಧ ಮುಗಿದು ಎಷ್ಟೋ ವರ್ಷಗಳಾದ ಮೇಲೆ. ಅದೇ ಯುದ್ಧದ ದಂಡನಾಯಕ ಕಾರ್ಡಿಗನ್ ಹೆಸರಲ್ಲಿ ಗುಂಡಿ ಸ್ವೆಟರ್ ಉಳಿಯಿತು, ರಾಗ್ಲನ್ ಹೆಸರಲ್ಲಿ ಒಂದು ಬಗೆಯ ತೋಳು ಉಳಿಯಿತು. ಸೈನ್ಯವನ್ನು ಚಳಿಗೆ ಬಿಟ್ಟ ದೊರೆಗಳ ಹೆಸರನ್ನೇ ಬೆಚ್ಚನೆಯ ಬಟ್ಟೆಗೆ ಇಟ್ಟ ಜನರ ಬಗ್ಗೆ ಏನು ಹೇಳುವುದು!

ನಿಂತು ಕಾವಲು ಕಾಯುವ ಸೈನಿಕನಿಗೆ ಈ ಟೋಪಿ ಸಾಕಾಗಿತ್ತು. ಮೈ ಬಗ್ಗಿಸಿ ದುಡಿಯುವವನ ಕಥೆ ಬೇರೆ. ಅದನ್ನು ಬರೆದಿಟ್ಟವನು ಆಪ್ಸ್ಲೆ ಚೆರಿ-ಗ್ಯಾರಾರ್ಡ್. ಕ್ಯಾಪ್ಟನ್ ಸ್ಕಾಟನ ಅಂಟಾರ್ಕ್ಟಿಕ ತಂಡದಲ್ಲಿದ್ದ ಇಪ್ಪತ್ತೈದರ ಹುಡುಗ. 1911ರ ಜೂನ್ ಕೊನೆಯಲ್ಲಿ, ಅಂದರೆ ಅಂಟಾರ್ಕ್ಟಿಕದಲ್ಲಿ ಸೂರ್ಯನೇ ಹುಟ್ಟದ ಕಾಲದಲ್ಲಿ, ವಿಲ್ಸನ್ ಮತ್ತು ಬವರ್ಸ್ ಜೊತೆ ಎಂಪರರ್ ಪೆಂಗ್ವಿನ್ ಮೊಟ್ಟೆ ತರಲು ಕೇಪ್ ಕ್ರೋಜಿಯರಿಗೆ ಹೊರಟ. ಹಗಲಿಲ್ಲ, ಕತ್ತಲೆಯಲ್ಲೇ ತಾವೇ ಹಗ್ಗ ಕಟ್ಟಿಕೊಂಡು ಜಾರುಬಂಡಿ ಎಳೆಯಬೇಕು. ಚಳಿ ಸೊನ್ನೆಗಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೋಗಿತ್ತು. ಎಳೆದಾಗ ಬೆವರು ಬರುತ್ತದೆ, ಏದುಸಿರು ಬರುತ್ತದೆ. ಬೆವರು ಬಟ್ಟೆಯೊಳಗೆ ಮಂಜಾಯಿತು, ಉಸಿರು ಟೋಪಿಯ ಕಿಂಡಿಯ ಸುತ್ತ ಮಂಜಾಯಿತು. ಟೋಪಿ ತಲೆಗೆ ಬೆಸುಗೆ ಹಾಕಿದಂತೆ ಕೂತಿತು. ಒಂದು ಬೆಳಗ್ಗೆ ಅವನು ಡೇರೆಯಿಂದ ಹೊರಬಂದು ಸುತ್ತ ನೋಡಲು ತಲೆ ಎತ್ತಿದ. ಎತ್ತಿದ ತಲೆಯನ್ನು ಇಳಿಸಲಾಗಲಿಲ್ಲ. ನಿಂತ ಹದಿನೈದು ಸೆಕೆಂಡಿನಲ್ಲಿ ಬಟ್ಟೆ ಗಟ್ಟಿಯಾಗಿತ್ತು. ಮುಂದಿನ ನಾಲ್ಕು ತಾಸು ಹಾಗೇ ಆಕಾಶ ನೋಡುತ್ತ ಬಂಡಿ ಎಳೆದನಂತೆ. ಅಂದಿನಿಂದ ಮೂವರೂ ಹೊರಗೆ ಬಂದ ಕೂಡಲೇ ಎಳೆಯುವ ಭಂಗಿಗೆ ಬಗ್ಗಿ ನಿಲ್ಲುತ್ತಿದ್ದರು, ಹೆಪ್ಪುಗಟ್ಟುವುದಾದರೆ ಹಾಗೇ ಹೆಪ್ಪುಗಟ್ಟಲಿ ಎಂದು. 1922ರಲ್ಲಿ ಬಂದ ಅವನ ಪುಸ್ತಕ 'ದ ವರ್ಸ್ಟ್ ಜರ್ನಿ ಇನ್ ದ ವರ್ಲ್ಡ್' ಓದುವಾಗ ನಾನು ಹೆಣಿಗೆಯವಳ ಕಣ್ಣಿನಿಂದಲೇ ಓದಿದೆ. ಅವರ ಉಲ್ಲನ್ನಿನಲ್ಲಿ ದೋಷವಿರಲಿಲ್ಲ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ನೀರನ್ನು ಕುಡಿದೂ ಕೈಗೆ ಒದ್ದೆ ಅನಿಸುವುದಿಲ್ಲ. ಆದರೆ ಕುಡಿದ ನೀರು ಹೊರಗೆ ಹೋಗಲು ಬಿಸಿಲೋ ಬೆಂಕಿಯೋ ಬೇಕು, ಬಟ್ಟೆ ಒಣಗಿಸುವಷ್ಟು ಎರಡೂ ಅಲ್ಲಿರಲಿಲ್ಲ.

1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವ ಮುಟ್ಟಿದ ಅಮುಂಡ್ಸೆನ್ ಬೇರೆ ಶಾಲೆಯಲ್ಲಿ ಕಲಿತವನು. 1903ರಿಂದ 1906ರವರೆಗಿನ ತನ್ನ ಉತ್ತರದ ಯಾನದಲ್ಲಿ ಕೆನಡಾದ ನೆಟ್ಸಿಲಿಕ್ ಇನ್ಯೂಟ್ ಜನರ ನಡುವೆ ಎರಡು ಚಳಿಗಾಲ ಕಳೆದು ಅವರ ತೊಗಲಂಗಿ ನೋಡಿದ್ದ. ಅದರಲ್ಲಿ ತಲೆಮುಸುಕು ಅಂಗಿಗೇ ಕೂಡಿಕೊಂಡಿರುತ್ತದೆ, ಸಡಿಲವಾಗಿರುತ್ತದೆ. ಬಿಸಿಯಾದಾಗ ಹಿಂದಕ್ಕೆ ತಳ್ಳಿದರೆ ಕುತ್ತಿಗೆಯ ದಾರಿಯಿಂದ ಹಬೆ ಹೊರಗೆ ಹೋಗುತ್ತದೆ. ಆರ್ಕ್ಟಿಕದ ಜನ ಮುಸುಕಿನ ಅಂಚಿಗೆ ವೊಲ್ವರೀನ್ ಎಂಬ ಪ್ರಾಣಿಯ ತುಪ್ಪಳ ಹೊಲಿಯುತ್ತಾರೆ. ಅದರ ಮೇಲೆ ಕೂತ ಮಂಜು ಅಂಟಿಕೊಳ್ಳುವುದಿಲ್ಲ, ಕೈಯಿಂದ ಕೊಡವಿದರೆ ಉದುರುತ್ತದೆ. ಕಿಂಡಿಯ ಸಮಸ್ಯೆಗೆ ಇದಕ್ಕಿಂತ ಜಾಣ ಉತ್ತರ ನಾನು ಬೇರೆಲ್ಲೂ ಕಂಡಿಲ್ಲ. ಅದನ್ನು ಕಂಡುಹಿಡಿದವರು ಅಲ್ಲಿನ ಹೆಂಗಸರೇ ಇರಬೇಕು, ಏಕೆಂದರೆ ತೊಗಲು ಹೊಲಿಯುವ ಕೆಲಸ ಅವರದು.

ಇನ್ನು ಗಂಟಲು. 1924ರ ಜೂನ್ 4ರಂದು ಎವರೆಸ್ಟಿನ ಉತ್ತರ ಮುಖದಲ್ಲಿ ನಾರ್ಟನ್ ಮತ್ತು ಸೋಮರ್ವೆಲ್ ಆಮ್ಲಜನಕದ ಸಿಲಿಂಡರ್ ಇಲ್ಲದೆ ಹತ್ತುತ್ತಿದ್ದರು. ನಾರ್ಟನ್ ತಲೆಗೆ ಮೋಟಾರ್ ಸೈಕಲ್ಲಿನವರ ಚರ್ಮದ ಟೋಪಿ, ಒಳಗೆ ತುಪ್ಪಳ, ಕುತ್ತಿಗೆಗೆ ಉಲ್ಲನ್ ಮಫ್ಲರ್. ಅವನು 8,572 ಮೀಟರ್ ಮುಟ್ಟಿ ಹಿಂದಿರುಗಿದ. ಸೋಮರ್ವೆಲ್ ಕೆಮ್ಮಿನಿಂದ ಅದಕ್ಕೂ ಮೊದಲೇ ನಿಂತಿದ್ದ. ಒಣ ಚಳಿಗಾಳಿಯನ್ನು ಬಾಯಿಂದ ಎಳೆದೂ ಎಳೆದೂ ಅವನ ಗಂಟಲಿನ ಒಳಪೊರೆ ಸತ್ತು ಸುಲಿದಿತ್ತು. ಇಳಿಯುವಾಗ ಅದೇ ಅಡ್ಡ ಸಿಕ್ಕಿ ಉಸಿರು ಕಟ್ಟಿತು. ಕೂತು ಎರಡೂ ಕೈಯಿಂದ ಎದೆ ಅದುಮಿಕೊಂಡು ಕಡೆಯ ಕೆಮ್ಮು ಕೆಮ್ಮಿದಾಗ ಆ ಪೊರೆ ಹೊರಬಂದು ಬದುಕಿಕೊಂಡ. ಸ್ವತಃ ವೈದ್ಯನಾದ್ದರಿಂದ ಏನಾಯಿತೆಂದು ಅವನಿಗೇ ಚೆನ್ನಾಗಿ ಗೊತ್ತಿತ್ತು. ಇದೇ ಸೋಮರ್ವೆಲ್ ತಿರುವಾಂಕೂರಿನ ನೆಯ್ಯೂರು ಮಿಷನ್ ಆಸ್ಪತ್ರೆಯಲ್ಲಿ ದಶಕಗಳ ಕಾಲ ಶಸ್ತ್ರಚಿಕಿತ್ಸೆ ಮಾಡಿದವನು. ಎವರೆಸ್ಟಿನ ಗಂಟಲು ಹೊತ್ತು ಕನ್ಯಾಕುಮಾರಿ ಸೀಮೆಯ ಸೆಕೆಯಲ್ಲಿ ಬದುಕಿದವನು ಅವನೊಬ್ಬನೇ ಇರಬೇಕು. ಹತ್ತುವಾಗ ಮಫ್ಲರನ್ನು ಬಾಯಿಯ ಮೇಲೆ ಎಳೆದುಕೊಳ್ಳಿ ಎಂದು ನಾನು ಹುಡುಗರಿಗೆ ಹೇಳುವುದು ಇದಕ್ಕೇ. ಒಳಗೆ ಹೋಗುವ ಗಾಳಿ ನಮ್ಮದೇ ಉಸಿರಿನ ಬಿಸಿ ಮತ್ತು ಪಸೆ ಹಿಡಿದು ಹೋಗುತ್ತದೆ.

ತೇನ್‌ಸಿಂಗ್ 1953ರ ಮೇ 29ರಂದು ಎವರೆಸ್ಟಿನ ತುದಿ ಮುಟ್ಟಿದಾಗ ಮೈಮೇಲಿದ್ದದ್ದನ್ನು ತನ್ನ ಆತ್ಮಕಥೆಯಲ್ಲಿ ಎಣಿಸಿ ಹೇಳಿದ್ದಾನೆ. ಪ್ರಸಿದ್ಧ ಫೋಟೋದಲ್ಲಿ ಆಮ್ಲಜನಕದ ಮುಖವಾಡ, ಹಿಮಗೊಡಲಿ, ಬಾವುಟ ಕಾಣುತ್ತವೆ, ಒಳಗಿನದು ಕಾಣುವುದಿಲ್ಲ. ಕಾಲುಚೀಲ ಹೆಂಡತಿ ಆಂಗ್ ಲಾಮು ಹೆಣೆದದ್ದು. ತಲೆಗಿದ್ದ ಉಲ್ಲನ್ ಟೋಪಿ 1947ರಲ್ಲಿ ಕದ್ದುಮುಚ್ಚಿ ಟಿಬೆಟ್ ಹೊಕ್ಕು ಎವರೆಸ್ಟ್ ಹತ್ತಲು ಹೋಗಿ ಸೋತ ಅರ್ಲ್ ಡೆನ್ಮನ್ ಬಿಟ್ಟುಹೋದದ್ದು. ಕುತ್ತಿಗೆಯ ಕೆಂಪು ಮಫ್ಲರ್ ಸ್ವಿಟ್ಜರ್ಲೆಂಡಿನ ರೇಮಂಡ್ ಲ್ಯಾಂಬರ್ಟ್ ಕೊಟ್ಟದ್ದು. ಲ್ಯಾಂಬರ್ಟ್ ಮತ್ತು ತೇನ್‌ಸಿಂಗ್ ಹಿಂದಿನ ವರ್ಷ ಆಗ್ನೇಯದ ಏಣಿನಲ್ಲಿ 8,600 ಮೀಟರಿನ ಹತ್ತಿರದವರೆಗೆ ಹೋಗಿ ತಿರುಗಿದ್ದರು. ಅಷ್ಟು ದೊಡ್ಡ ತಂಡ, ಗಾಳಿ ತಡೆಯುವ ಹೊಸ ಬಟ್ಟೆ, ಎಲ್ಲ ಇದ್ದೂ ತಲೆಗೆ, ಕುತ್ತಿಗೆಗೆ ಅವನು ಆರಿಸಿಕೊಂಡದ್ದು ಸೋತು ಹಿಂದಿರುಗಿದ ಇಬ್ಬರು ಗೆಳೆಯರ ಹಳೆಯ ಉಲ್ಲನ್. ಟೋಪಿ ಬೇರೆ, ಮಫ್ಲರ್ ಬೇರೆ, ಎರಡು ತುಂಡು ಎಂಬುದನ್ನೂ ನಾನು ಗಮನಿಸಿದೆ.

ನಾನು ಕಡ್ಡಿ ಹಿಡಿದದ್ದು 1962ರಲ್ಲಿ. ಚೀನಾ ಯುದ್ಧ ಅಕ್ಟೋಬರ್ 20ಕ್ಕೆ ಶುರುವಾಯಿತು, ನಮ್ಮ ಜವಾನರು ಹತ್ತಿಯ ಬಟ್ಟೆ, ಕ್ಯಾನ್ವಾಸ್ ಬೂಟಿನಲ್ಲಿ ಗಡಿಗೆ ಹೋಗಿದ್ದಾರೆ ಎಂಬ ಸುದ್ದಿ ಬಂತು. ದೇಶದ ತುಂಬ ಹೆಂಗಸರು ಹೆಣೆಯಲು ಕೂತರು. ನಮ್ಮ ಓಣಿಯಲ್ಲೂ ಖಾಕಿ ಉಲ್ಲನ್ ಬಂತು. ಅವ್ವ, ಮಾವಶಿ, ಪಕ್ಕದ ಮನೆಯ ಬಾಯಾರು, ಎಲ್ಲರೂ ಮಧ್ಯಾಹ್ನದ ಮುಸುರೆ ಮುಗಿಸಿ ನಮ್ಮ ಪಡಸಾಲೆಗೆ ಬರುವರು. ಅವರು ಸ್ವೆಟರ್ ಮಾಡಿದರೆ ನನ್ನಂಥ ಹುಡುಗಿಯರಿಗೆ ಮಫ್ಲರ್. ತಪ್ಪಿದರೂ ಯಾರಿಗೂ ಗೊತ್ತಾಗದ ಹೆಣಿಗೆ ಅದು. ಅವ್ವ ಒಂದು ಟೋಪಿಯ ನೆತ್ತಿ ಮುಚ್ಚುವಷ್ಟರಲ್ಲಿ ನವೆಂಬರ್ 21 ಬಂದು ಯುದ್ಧ ನಿಂತಿತ್ತು. "ಯುದ್ಧ ನಿಂತ್ರ ಚಳಿ ನಿಂತಿತೇನು?" ಎಂದು ಅವ್ವ ಇನ್ನೊಂದಕ್ಕೆ ಕುಣಿಕೆ ಹಾಕಿದಳು.

ಆಮೇಲೆ ಕೈಹೆಣಿಗೆಯ ಕಾಲವೇ ಇಳಿಯಿತು. ಟಿಬೆಟನ್ನರು 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಗೆ, 1966ರಲ್ಲಿ ಮುಂಡಗೋಡಿಗೆ ಬಂದು ನೆಲೆಸಿದರು. ಮೆಕ್ಕೆಜೋಳದ ಹೊಲ ಕೊಯ್ಲಾದ ಮೇಲೆ ಚಳಿಗಾಲಕ್ಕೆ ಊರೂರಿಗೆ ಹೋಗಿ ಸ್ವೆಟರ್ ಮಾರುವುದು ಅವರಿಗೆ ಇನ್ನೊಂದು ಬೆಳೆಯಾಯಿತು. ದೀಪಾವಳಿ ಮುಗಿಯುತ್ತಲೇ ನಮ್ಮೂರಲ್ಲೂ ತಾಡಪತ್ರಿ ಕಟ್ಟಿದ ಸಾಲು ಅಂಗಡಿ ಏಳುತ್ತವೆ. ಮಾರುವವರ ಮುಖ ನೋಡಿ ಸರಕು ಹಿಮಾಲಯದ್ದೆಂದು ಗಿರಾಕಿ ನಂಬುತ್ತಾನೆ, ಅದರಲ್ಲಿ ಬಹುಪಾಲು ಬಂದಿರುವುದು ಲೂಧಿಯಾನದ ಯಂತ್ರದಿಂದ. ದಾರ ಅಕ್ರಿಲಿಕ್, ಅಂದರೆ ನೀರು ಕುಡಿಯುವುದಿಲ್ಲ, ಬೇಗ ಒಣಗುತ್ತದೆ, ಹುಳ ತಿನ್ನುವುದಿಲ್ಲ. ಗಾಳಿಯನ್ನು ಮಾತ್ರ ಜರಡಿಯಂತೆ ಒಳಬಿಡುತ್ತದೆ. ಕೆಲಗೇರಿ ಕೆರೆ ಸುತ್ತಲು ಬೆಳಗ್ಗೆ ಐದಕ್ಕೇ ಏಳುವ ನಮ್ಮ ಹಿರಿಯರಿಗೆ ಅದು ಧಾರಾಳವಾಯಿತು. ಸೇನೆಯ ಟೋಪಿ ವಾಕಿಂಗ್ ಟೋಪಿಯಾಗಿದ್ದು ಹೀಗೆ.

ಹಿರಿಯರು ಅದನ್ನು ಹಾಕಿಕೊಳ್ಳಲು ಇನ್ನೊಂದು ಕಾರಣ ಕೊಡುತ್ತಾರೆ: ಮೈಯ ಅರ್ಧ ಶಾಖ ತಲೆಯಿಂದಲೇ ಹೋಗುತ್ತದಂತೆ. ಈ ಮಾತನ್ನು ಹಬ್ಬಿಸಿದ್ದು ಅಮೆರಿಕದ ಸೇನೆ. 1970ರ ಅದರ ಕೈಪಿಡಿಯೊಂದರಲ್ಲಿ ಶೇಕಡಾ 40ರಿಂದ 45 ಎಂದಿತ್ತು. ಅದರ ಹಿಂದಿದ್ದ ಪ್ರಯೋಗದಲ್ಲಿ ಮೈಗೆಲ್ಲ ದಪ್ಪ ಬಟ್ಟೆ ತೊಡಿಸಿ ತಲೆಯನ್ನಷ್ಟೇ ಬರಿದಾಗಿ ಬಿಟ್ಟಿದ್ದರು, ಶಾಖ ಇನ್ನೆಲ್ಲಿಂದ ಹೋಗಬೇಕು? 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಬ್ಬರು ವೈದ್ಯರು ಈ ನಂಬಿಕೆಯನ್ನು ಬಿಡಿಸಿಟ್ಟರು. ತಲೆ ಮೈಯ ಹತ್ತನೇ ಒಂದು ಪಾಲಿನಷ್ಟು, ಹೋಗುವ ಶಾಖವೂ ಹೆಚ್ಚುಕಡಿಮೆ ಅಷ್ಟೇ. ಹಾಗೆಂದು ತಲೆ ಬಿಟ್ಟುಕೊಂಡು ಹೋಗಬಾರದು. ಚಳಿಗೆ ಕೈಕಾಲಿನ ರಕ್ತನಾಳಗಳು ಮುದುಡಿ ಶಾಖ ಉಳಿಸುತ್ತವೆ, ನೆತ್ತಿಯವು ಅಷ್ಟಾಗಿ ಮುದುಡುವುದಿಲ್ಲ. ಅದಕ್ಕೇ ಟೋಪಿ ಎಂಬುದು ಒಂದು ನಲ್ಲಿ ಇದ್ದ ಹಾಗೆ. ಹಾಕಿದರೆ ಶಾಖ ನಿಲ್ಲುತ್ತದೆ, ತೆಗೆದರೆ ಹೋಗುತ್ತದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ತುಂಡಾದ ಮಂಕಿ ಕ್ಯಾಪ್ ಈ ನಲ್ಲಿಯನ್ನು ಅರ್ಧ ತಿರುಗಿಸಲು ಬಿಡುವುದಿಲ್ಲ. 1990ರ ದಶಕದ ಆರಂಭದಲ್ಲಿ ಸ್ಪೇನಿನ ಇಗುವಾಲಾಡದಲ್ಲಿ ಹೊಲಿಗೆಯೇ ಇಲ್ಲದ ತೆಳು ಬಟ್ಟೆಯ ಕೊಳವೆಯೊಂದು ಮಾರುಕಟ್ಟೆಗೆ ಬಂತು, ಬಫ್ ಎಂದು. ಕುತ್ತಿಗೆಗೆ ಇಳಿಬಿಡಬಹುದು, ಬಾಯಿಗೆ ಎಳೆಯಬಹುದು, ಗಂಟು ಹಾಕಿ ಟೋಪಿ ಮಾಡಬಹುದು. ಈಗ ಬೆಂಗಳೂರಿನ ಬೈಕಿನವರ ಕುತ್ತಿಗೆಯಲ್ಲೆಲ್ಲ ಅದೇ.

ಅದನ್ನು ನೋಡಿದ ಮೇಲೆ ಹಿಮಾಲಯಕ್ಕೆ ಹೋಗುವವರಿಗೆ ಮಂಕಿ ಕ್ಯಾಪ್ ಹೆಣೆಯುವುದನ್ನು ಬಿಟ್ಟೆ. ಕಳೆದ ಚಳಿಗಾಲ ಕೇದಾರಕಂಠಕ್ಕೆ ಹೊರಟ ಹುಡುಗನೊಬ್ಬನಿಗೆ ಎರಡು ತುಂಡು ಕೊಟ್ಟೆ: ಕಿವಿ ಮುಚ್ಚುವ ಉಣ್ಣೆಯ ಟೋಪಿ, ಕುತ್ತಿಗೆಗೆ ಒಂದು ಗೇಣು ಎತ್ತರದ ಕೊಳವೆ, ತೆಳುವಾದ ದಾರದ್ದು. ಹತ್ತುವಾಗ ಬೆವರು ಒಡೆಯುವ ಮೊದಲೇ ಟೋಪಿ ತೆಗೆದು ಜೇಬಿಗೆ ಹಾಕು, ನಿಂತ ಕೂಡಲೇ ಹಾಕಿಕೋ, ಕೊಳವೆ ಬಾಯಿಯ ಹತ್ತಿರ ಒದ್ದೆಯಾದರೆ ತಿರುಗಿಸಿ ಒಣ ಭಾಗ ಮುಂದೆ ತಾ, ಗಾಳಿ ಬೀಸಿದರೆ ಜಾಕೆಟ್ಟಿನ ಮುಸುಕನ್ನು ಎಲ್ಲದರ ಮೇಲೆ ಎಳೆ, ರಾತ್ರಿ ಒದ್ದೆಯದನ್ನು ಡೇರೆಯ ಹೊರಗೆ ಹರವದೆ ಅಂಗಿಯೊಳಗೆ ಇಟ್ಟುಕೊಂಡು ಮಲಗು ಎಂದೆ. ಎಲ್ಲಕ್ಕೂ ತಲೆಯಾಡಿಸಿದ. ಕೊನೆಗೆ ಎರಡನ್ನೂ ಕೈಯಲ್ಲಿ ತೂಗಿ ನೋಡಿ, "ಎರಡೂ ಕೂಡಿ ಒಂದು ಮಂಕಿ ಕ್ಯಾಪಿನಷ್ಟ ಉಲ್ಲನ್ ಇಲ್ಲಲ್ರಿ ಅಜ್ಜಿ, ರೊಕ್ಕಾನೂ ಒಂದರದ ತಗೋರಿ" ಅಂದ.