ಬಾಲೂ ತಮ್ಮ: ದಪ್ಪಕ್ಷರದ ಕನ್ನಡ ಫಾಂಟ್

ಬಾಲೂ ತಮ್ಮ ಎಂಬುದು ಶೀರ್ಷಿಕೆ, ಜಾಹೀರಾತು, ಭಿತ್ತಿಪತ್ರ, ಮಕ್ಕಳ ಪುಸ್ತಕದ ಮುಖಪುಟ ಮೊದಲಾದೆಡೆ ದೂರದಿಂದಲೇ ಕಣ್ಣಿಗೆ ಬೀಳುವಂತೆ ರೂಪಿಸಲಾದ ಕನ್ನಡ ಅಕ್ಷರಶೈಲಿ. ಮುಂಬೈನ ‘ಏಕ್ ಟೈಪ್’ ಸಂಸ್ಥೆ ಕೈಗೊಂಡ ‘ಬಾಲೂ’ ಯೋಜನೆಯ ಅಂಗವಾಗಿ ಇದು ಸಿದ್ಧಗೊಂಡು, 2016ರಲ್ಲಿ ಗೂಗಲ್ ಫಾಂಟ್ಸ್ ಸಂಗ್ರಹವನ್ನು ಸೇರಿತು. ಇದರ ವಿನ್ಯಾಸಕಾರರು ದಿವ್ಯಾ ಕೌಶಿಕ್ ಮತ್ತು ಶುಚಿತಾ ಗ್ರೋವರ್. ದಪ್ಪನೆಯ ಮೈ, ಮೃದುವಾದ ಅಂಚು, ತುಸು ತುಂಟತನ ಇದರ ಲಕ್ಷಣಗಳು.

ಹಿಂದಿಯಲ್ಲಿ ‘ಭಾಲೂ’ ಎಂದರೆ ಕರಡಿ. ಕಿಪ್ಲಿಂಗನ ‘ಜಂಗಲ್ ಬುಕ್’ ಕೃತಿಯ ಕರಡಿಯ ಹೆಸರೂ ಬಾಲೂ ಎಂದೇ. ಯೋಜನೆಯಲ್ಲಿ ಒಂಬತ್ತು ಭಾರತೀಯ ಲಿಪಿಗಳಿಗೆ ಒಂಬತ್ತು ಫಾಂಟ್‌ಗಳಿದ್ದು, ಬಹುತೇಕ ಎಲ್ಲಕ್ಕೂ ಆಯಾ ನುಡಿಯ ಬಂಧುವಾಚಕವನ್ನೇ ಹೆಸರಾಗಿ ಜೋಡಿಸಲಾಗಿದೆ. ಬಂಗಾಳಿಗೆ ಬಾಲೂ ದಾ, ಗುರುಮುಖಿಗೆ ಬಾಲೂ ಪಾಜಿ, ಮಲಯಾಳಕ್ಕೆ ಬಾಲೂ ಚೇಟ್ಟನ್, ತಮಿಳಿಗೆ ಬಾಲೂ ತಂಬಿ, ತೆಲುಗಿಗೆ ಬಾಲೂ ತಮ್ಮುಡು. ಬಂಗಾಳಿ, ಮಲಯಾಳಗಳಿಗೆ ಅಣ್ಣನ ಪಟ್ಟ ದೊರೆತರೆ ಕನ್ನಡ, ತಮಿಳು, ತೆಲುಗುಗಳು ತಮ್ಮಂದಿರಾಗಿ ಉಳಿದಿವೆ. ವಯಸ್ಸಿನ ಈ ಲೆಕ್ಕಕ್ಕೆ ಲಿಪಿಗಳ ಇತಿಹಾಸದಲ್ಲಿ ಆಧಾರ ಹುಡುಕಬೇಕಾಗಿಲ್ಲ.

ಒಳಗಿನ ಬಿಳುಪು

ಅಕ್ಷರವನ್ನು ದಪ್ಪ ಮಾಡುವುದೆಂದರೆ ಗೆರೆಗೆ ಮಸಿ ತುಂಬುವುದಷ್ಟೇ ಎಂಬ ಭಾವನೆ ಸಾಮಾನ್ಯ. ಕನ್ನಡದಲ್ಲಿ ಈ ಕೆಲಸ ಅಷ್ಟು ಸುಲಭವಲ್ಲ. ರೋಮನ್ ಲಿಪಿಯ ದೊಡ್ಡಕ್ಷರಗಳಲ್ಲಿ ಹಲವು ನೇರ ಗೆರೆಗಳಿಂದಾದವು. ಅವುಗಳನ್ನು ಅಗಲಿಸಿದರೂ ಗುರುತು ಕೆಡುವುದಿಲ್ಲ. ಕನ್ನಡದ ಅಕ್ಷರಗಳು ದುಂಡಗೆ ಸುತ್ತಿಕೊಂಡು ಬರುವಂಥವು. ಒಂದರಿಂದ ಇನ್ನೊಂದನ್ನು ಬೇರ್ಪಡಿಸುವ ಗುರುತು ಅನೇಕ ಸಲ ಆ ಸುತ್ತಿನ ಒಳಗೇ ಇರುತ್ತದೆ. ‘ರ’ ಮತ್ತು ‘ಠ’ ನಡುವಿನ ವ್ಯತ್ಯಾಸ ಒಂದು ಚುಕ್ಕೆ ಮಾತ್ರ. ‘ದ’, ‘ಥ’, ‘ಧ’ಗಳ ನಡುವೆ ಇರುವುದು ಒಂದು ಚುಕ್ಕೆ, ಒಂದು ಸೀಳು. ‘ಪ’ ಮತ್ತು ‘ಷ’ಗಳನ್ನು ಬೇರ್ಪಡಿಸುವುದು ಒಳಗಿನ ಒಂದು ಕಿರುಗೆರೆ. ‘ಕಿ’, ‘ತಿ’ಗಳ ಮೇಲಿನ ಗುಡಿಸಿನ ಕುಣಿಕೆಯೂ ಸಣ್ಣದೇ. ಎಚ್ಚರವಿಲ್ಲದೆ ಗೆರೆಯನ್ನು ಉಬ್ಬಿಸಿದರೆ ಚುಕ್ಕೆ ನುಂಗಿಹೋಗುತ್ತದೆ, ಸೀಳು ಮುಚ್ಚಿಕೊಳ್ಳುತ್ತದೆ, ಕುಣಿಕೆ ಕಪ್ಪು ಗುಂಡಾಗುತ್ತದೆ. ಆಗ ‘ಪಾಠ’ ಎಂದು ಬರೆದ ಫಲಕವನ್ನು ಓದುಗ ‘ಪಾರ’ ಎಂದು ಓದಿಕೊಂಡರೆ ಆತನನ್ನು ದೂರುವಂತಿಲ್ಲ.

ಆದ್ದರಿಂದ ದಪ್ಪಕ್ಷರದ ವಿನ್ಯಾಸಕಾರನ ನಿಜವಾದ ದುಡಿಮೆ ಕಪ್ಪಿನದಲ್ಲ, ಬಿಳುಪಿನದು. ಗೆರೆಗಳು ಕಿಕ್ಕಿರಿಯುವಲ್ಲಿ ಅವನ್ನು ತೆಳುವಾಗಿಸಿ, ಬಿಡುವಿರುವಲ್ಲಿ ತುಂಬಿಕೊಟ್ಟು, ಒಟ್ಟು ಪದ ಒಂದೇ ಭಾರದ್ದೆಂದು ಕಣ್ಣನ್ನು ನಂಬಿಸಬೇಕು. ಇದೇ ಸಂಸ್ಥೆಯ ‘ಮೋದಕ್’ ಎಂಬ ದೇವನಾಗರಿ ಫಾಂಟ್ ಇನ್ನೊಂದು ತುದಿಗೆ ಹೋಗಿ, ಒಳಗಿನ ಬಿಳುಪನ್ನು ಕೂದಲೆಳೆಯಷ್ಟಕ್ಕೆ ಇಳಿಸಿತು. ಬಾಲೂ ಅಷ್ಟು ದೂರ ಹೋಗದಿರುವುದೇ ಓದುಗನಿಗೆ ಹಿತ.

ಒತ್ತಕ್ಷರದ್ದು ಮತ್ತೊಂದು ಪ್ರಶ್ನೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಮುಂತಾದ ಪದಗಳಲ್ಲಿ ಒಂದೇ ಅಕ್ಷರಕ್ಕೆ ಎರಡೆರಡು ಒತ್ತುಗಳು ಅಂಟಿಕೊಳ್ಳುತ್ತವೆ. ಒತ್ತನ್ನೂ ಮೂಲಾಕ್ಷರದಷ್ಟೇ ದಪ್ಪ ಮಾಡಿದರೆ ಅದು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ; ತೀರ ತೆಳುವಾಗಿಸಿದರೆ ಬೇರಾವುದೋ ಫಾಂಟಿನಿಂದ ತಂದು ಅಂಟಿಸಿದಂತೆ ತೋರುತ್ತದೆ. ಒಂದೇ ಸಾಲಿನ ತಲೆಬರಹಕ್ಕೆ ಇದು ಬಾಧಕವಲ್ಲ. ಎರಡು ಸಾಲಿನ ಬರಹವಾದರೆ ನಡುವಿನ ಅಂತರವನ್ನು ಇಂಗ್ಲಿಷಿಗೆ ಬಿಡುವುದಕ್ಕಿಂತ ಹೆಚ್ಚಾಗಿ ಬಿಡಬೇಕು.

ಬಳಕೆಯಲ್ಲಿ ಗಮನಿಸಬೇಕಾದುದು

ಮೊದಲ ಬಾಲೂ ಒಂದೇ ದಪ್ಪದಲ್ಲಿತ್ತು. ಬಳಿಕ ಬಂದ ‘ಬಾಲೂ ತಮ್ಮ 2’ ಸಾಧಾರಣದಿಂದ ಅತಿದಪ್ಪದವರೆಗೆ ಐದು ಹಂತಗಳನ್ನು ಒಳಗೊಂಡಿದೆ. ಒಂದೇ ದಪ್ಪದ ಫಾಂಟಿಗೆ ‘ಬೋಲ್ಡ್’ ಗುಂಡಿ ಒತ್ತಿದರೆ ಗಣಕಯಂತ್ರವು ತಾನಾಗಿಯೇ ಗೆರೆಯ ಸುತ್ತ ಮಸಿ ಬಳಿಯುತ್ತದೆ. ವಿನ್ಯಾಸಕಾರರು ಉಳಿಸಿಟ್ಟ ಬಿಳುಪೆಲ್ಲ ಅಲ್ಲಿಗೆ ಮುಗಿಯಿತು. ಹಾಗೆ ಮಾಡದಿರುವುದು ಲೇಸು.

ಇದು ಯೂನಿಕೋಡ್ ಫಾಂಟ್. ಹಳೆಯ ಪೇಜ್‌ಮೇಕರ್‌ನಲ್ಲಿ ಆಸ್ಕಿ ಅಕ್ಷರಗಳೊಂದಿಗೆ ಪಳಗಿದ ಡಿಟಿಪಿ ಕೇಂದ್ರಗಳಿಗೆ ಇದು ನೇರವಾಗಿ ಒಗ್ಗುವುದಿಲ್ಲ. ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳಿಗೆ ತಕ್ಕ ‘ವರ್ಲ್ಡ್-ರೆಡಿ ಕಂಪೋಸರ್’ ಆಯ್ಕೆ ಮಾಡಿಕೊಳ್ಳಬೇಕು. ಇಲ್ಲವಾದರೆ ಒತ್ತುಗಳು ಕಳಚಿ ಪಕ್ಕದಲ್ಲಿ ಬೀಳುತ್ತವೆ. ದೋಷ ಫಾಂಟಿನದಲ್ಲವಾದರೂ ಬೈಗುಳ ಅದಕ್ಕೇ.

ಕನ್ನಡದೊಂದಿಗೆ ರೋಮನ್ ಅಕ್ಷರಗಳೂ ಇದೇ ಫಾಂಟಿನಲ್ಲಿದ್ದು, ಎರಡರ ಭಾರವೂ ಹೊಂದಿಕೊಳ್ಳುತ್ತದೆ. ಅಂಗಡಿಯ ದ್ವಿಭಾಷಾ ಫಲಕದಲ್ಲಿ ಇಂಗ್ಲಿಷ್ ಠೀವಿಯಿಂದ ಮೆರೆದು ಕನ್ನಡ ಬಡಕಲಾಗಿ ಮೂಲೆಯಲ್ಲಿ ನಿಲ್ಲುವುದು ಬಹುಕಾಲದ ಸಂಕಟ. ಅದಕ್ಕೆ ನಾಮಫಲಕದವರ ಅನಾದರವೊಂದೇ ಕಾರಣವಲ್ಲ. ಜೊತೆಗೂಡಿಸಲು ಸರಿಸಮನಾದ ಕನ್ನಡ ಫಾಂಟ್ ಕೈಗೆಟುಕದಿದ್ದುದೂ ಕಾರಣ.

ಉದ್ದನೆಯ ಬರಹಕ್ಕೆ ಇದರ ದಪ್ಪ ರೂಪ ತಕ್ಕುದಲ್ಲ. ಶ್ರದ್ಧಾಂಜಲಿಯ ಫ್ಲೆಕ್ಸಿಗಂತೂ ಈ ನಗುಮೊಗದ ಅಕ್ಷರ ಖಂಡಿತ ಬೇಡ. ಮುಕ್ತ ಪರವಾನಗಿಯಡಿ ದೊರೆಯುವುದರಿಂದ ಮುದ್ರಣಾಲಯ, ಪತ್ರಿಕೆ, ಶಾಲೆ ಯಾರೇ ಆದರೂ ಶುಲ್ಕವಿಲ್ಲದೆ ಬಳಸಬಹುದು, ಹಂಚಬಹುದು, ತಿದ್ದಲೂಬಹುದು. ಫಾಂಟನ್ನಷ್ಟೇ ಪ್ರತ್ಯೇಕವಾಗಿ ಮಾರುವುದಕ್ಕೆ ಮಾತ್ರ ಅವಕಾಶವಿಲ್ಲ.